ಕ್ಯೂ ಈಗ ಶೋರೂಮಿನ ಹಿಂದುಗಡೆ ಇದೆ

2024ರ ಸೆಪ್ಟೆಂಬರ್ 10. ಕಲಬುರಗಿಯಲ್ಲಿ ಓಲಾ ಎಲೆಕ್ಟ್ರಿಕ್ ಶೋರೂಮಿಗೆ ಬೆಂಕಿ ಬಿತ್ತು. ಮೊದಲು ಎಲ್ಲರೂ ಶಾರ್ಟ್ ಸರ್ಕ್ಯೂಟ್ ಇರಬೇಕು ಅಂದುಕೊಂಡರು. ಆಮೇಲೆ ಪೊಲೀಸರು ಹೇಳಿದ್ದೇ ಬೇರೆ. ಬೆಂಕಿ ಹಚ್ಚಿದ್ದು ಅದೇ ಶೋರೂಮಿನ ಗ್ರಾಹಕ. ಹೊಸ ಸ್ಕೂಟರ್ ಕೊಂಡು ತಿಂಗಳೂ ಆಗಿರಲಿಲ್ಲ. ಗಾಡಿ ಕೆಟ್ಟಿತ್ತು, ಶೋರೂಮಿಗೆ ಅಲೆದಿದ್ದ, ರಿಪೇರಿ ಆಗಲಿಲ್ಲ ಅನ್ನೋ ಸಿಟ್ಟು. ಆರು ಗಾಡಿ ಸುಟ್ಟುಹೋದವು. ಆತ ಅರೆಸ್ಟ್ ಆದ.

ಬೆಂಕಿ ಹಚ್ಚಿದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಒಳಗೆ ಯಾರಾದರೂ ಇದ್ದಿದ್ದರೆ? ಪಕ್ಕದ ಅಂಗಡಿಗೆ ಹಬ್ಬಿದ್ದರೆ? ಕಾನೂನು ತನ್ನ ಕೆಲಸ ಮಾಡಲಿ. ಆದರೆ ವೀಕ್ಷಕರೇ, ದೇಶದ ಎಲ್ಲ ಚಾನೆಲ್‌ಗಳೂ ಈ ಸುದ್ದಿಯನ್ನು ಒಂದು ದಿನ ಬ್ರೇಕಿಂಗ್ ಅಂತ ಓಡಿಸಿ ಮರುದಿನ ಮರೆತವು. ನನಗೆ ಮರೆಯಲಾಗಲಿಲ್ಲ. ಒಂದು ಸ್ಕೂಟರಿನ ವಿಷಯಕ್ಕೆ ಮನುಷ್ಯ ಈ ಮಟ್ಟಕ್ಕೆ ಹೋಗೋದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಐವತ್ತು ವರ್ಷ ಹಿಂದೆ ಹೋಗಬೇಕು.

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರು ಇದ್ದರೆ ಕೇಳಿ ನೋಡಿ. ಸ್ಕೂಟರ್ ಕೊಳ್ಳೋದು ಅಂದರೆ ಆಗ ಅಂಗಡಿಗೆ ಹೋಗಿ ದುಡ್ಡು ಕೊಡೋದಾಗಿರಲಿಲ್ಲ. ಬುಕ್ ಮಾಡಿ ಕಾಯೋದು. ಬಜಾಜ್ ಕಂಪನಿ 1960ರಲ್ಲಿ ಇಟಲಿಯ ಪಿಯಾಜಿಯೋ ಜೊತೆ ಒಪ್ಪಂದ ಮಾಡಿಕೊಂಡು ವೆಸ್ಪಾ ಮಾಡತೊಡಗಿತು. ಒಪ್ಪಂದ ಮುಗಿದ ಮೇಲೆ 1972ರಲ್ಲಿ ಚೇತಕ್ ಬಂತು. ಆದರೆ ವರ್ಷಕ್ಕೆ ಎಷ್ಟು ಗಾಡಿ ಮಾಡಬೇಕು ಅನ್ನೋದನ್ನು ಕಂಪನಿ ನಿರ್ಧರಿಸುವ ಹಾಗಿರಲಿಲ್ಲ. ದೆಹಲಿ ನಿರ್ಧರಿಸುತ್ತಿತ್ತು. ಅದೇ ಲೈಸೆನ್ಸ್ ರಾಜ್. ಬೇಡಿಕೆ ಬೆಟ್ಟದಷ್ಟು, ತಯಾರಿಕೆ ಹಿಡಿಯಷ್ಟು. ಚೇತಕ್‌ಗೆ ಹತ್ತು ವರ್ಷದವರೆಗೂ ಕಾದವರಿದ್ದಾರೆ. ಮಗಳು ಹೈಸ್ಕೂಲಿಗೆ ಹೋಗುವಾಗ ಬುಕ್ ಮಾಡಿದ ಗಾಡಿ ಅವಳ ಮದುವೆಗೆ ಬಂದಿದ್ದೂ ಉಂಟು. ಗಾಡಿ ಸಿಕ್ಕವನು ಅದನ್ನೇ ಹೆಚ್ಚಿನ ದುಡ್ಡಿಗೆ ಮಾರಿಕೊಳ್ಳುತ್ತಿದ್ದ. ಹಳೇ ಗಾಡಿಗೆ ಹೊಸ ಗಾಡಿಗಿಂತ ಜಾಸ್ತಿ ರೇಟು!

ಇಲ್ಲಿ ಒಂದು ವಿಷಯ ಗಮನಿಸಿ. ಕಾಯೋದೆಲ್ಲ ಗಾಡಿ ಸಿಗೋ ತನಕ ಮಾತ್ರ. ಸಿಕ್ಕ ಮೇಲೆ ಚೇತಕ್ ನಿಮ್ಮದು, ಪೂರ್ತಿ ನಿಮ್ಮದು. ಸ್ಟಾರ್ಟ್ ಆಗಲಿಲ್ಲವಾ? ಒಂದು ಕಡೆ ವಾಲಿಸಿ ಕಿಕ್ ಹೊಡಿ. ಆಗಲೂ ಆಗಲಿಲ್ಲವಾ? ಪ್ಲಗ್ ಬಿಚ್ಚಿ ಒರೆಸಿ ಹಾಕು. ಅದೂ ಆಗಲಿಲ್ಲ ಅಂದರೆ ಬೇವಿನ ಮರದ ಕೆಳಗೆ ಕೂತ ಮೆಕ್ಯಾನಿಕ್ ಇದ್ದ. ಕಾರ್ಬೊರೇಟರ್ ಊದಿ, ಕ್ಲಚ್ ವೈರ್ ಬದಲಿಸಿ ಅರ್ಧ ತಾಸಿನಲ್ಲಿ ಕಳಿಸುತ್ತಿದ್ದ. ಕಲಬುರಗಿಯ ರೋಜಾದಿಂದ ಸೂಪರ್ ಮಾರ್ಕೆಟ್‌ವರೆಗೆ ಇಂಥ ಮೆಕ್ಯಾನಿಕ್‌ಗಳು ಎಷ್ಟು ಜನರ ಸಂಸಾರ ನಡೆಸಿದ್ದಾರೋ ಲೆಕ್ಕವಿಲ್ಲ. ಅಂದರೆ ಸರ್ಕಾರ ಕಾಯಿಸಿತು, ಬೀದಿ ಕಾಪಾಡಿತು.

1991ರ ನಂತರ ಕ್ಯೂ ಕರಗಿತು. ಹೊಸ ಶತಮಾನದ ಹೊಸ್ತಿಲಲ್ಲಿ ಹೋಂಡಾ ಆ್ಯಕ್ಟಿವಾ ಬಂತು. ಗೇರ್ ಇಲ್ಲ, ಬಟನ್ ಒತ್ತಿದರೆ ಸ್ಟಾರ್ಟು. ಹೆಣ್ಣುಮಕ್ಕಳು, ಹಿರಿಯರು ಎಲ್ಲರೂ ಹತ್ತಿದರು. ದುಡ್ಡಿದ್ದರೆ ಅದೇ ದಿನ ಗಾಡಿ. ರಿಪೇರಿಗೆ ಅದೇ ಬೀದಿಯ ಮೆಕ್ಯಾನಿಕ್. ನನ್ನ ಪ್ರಕಾರ ಭಾರತದ ಸ್ಕೂಟರ್ ಗ್ರಾಹಕನ ಸುವರ್ಣಕಾಲ ಅಂದರೆ ಇದೇ. ಮುಂದೆಯೂ ಕ್ಯೂ ಇಲ್ಲ, ಹಿಂದೆಯೂ ಕ್ಯೂ ಇಲ್ಲ. ಚುಚ್ಚುತ್ತಿದ್ದದ್ದು ಒಂದೇ, ಪೆಟ್ರೋಲ್ ರೇಟು.

ಈಗ ಕರೆಂಟ್ ಗಾಡಿಯ ಕಥೆಗೆ ಬರೋಣ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ಕಾರು ರಸ್ತೆಗಿಳಿದಿತ್ತು. ಅದರಲ್ಲಿ ಇದ್ದದ್ದು ಲೆಡ್ ಆ್ಯಸಿಡ್ ಬ್ಯಾಟರಿ. ನಿಮ್ಮ ಮನೆಯ ಇನ್ವರ್ಟರಿನಲ್ಲಿ ಇರುತ್ತಲ್ಲ, ಅದೇ ಜಾತಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದದ್ದು. ಭಾರ ಜಾಸ್ತಿ, ಓಟ ಕಡಿಮೆ. 2006ರ ನಂತರ ಬಂದ ಮೊದಲ ತಲೆಮಾರಿನ ಎಲೆಕ್ಟ್ರಿಕ್ ಸ್ಕೂಟರುಗಳಲ್ಲೂ ಹೆಚ್ಚಾಗಿ ಇದೇ ಬ್ಯಾಟರಿ. 250 ವ್ಯಾಟ್ ಮೀರದ ಮೋಟಾರು, ಗಂಟೆಗೆ 25 ಕಿ.ಮೀ. ವೇಗ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಜನ ಅದನ್ನು ಆಟದ ಸಾಮಾನು ಅಂತ ನಕ್ಕರು.

ಆಮೇಲೆ ಏನಾಯ್ತು ಗೊತ್ತಾ? 2010ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಗಾಡಿಗೆ ನಾಲ್ಕೈದು ಸಾವಿರ ರೂಪಾಯಿ ಸಬ್ಸಿಡಿ ಕೊಟ್ಟಿತು. ಮಾರಾಟ ಏರಿತು. 2012ರ ಮಾರ್ಚ್‌ಗೆ ಸಬ್ಸಿಡಿ ನಿಂತಿತು. ಮಾರಾಟ ಕುಸಿಯಿತು, ಹಲವು ಕಂಪನಿಗಳು ಬಾಗಿಲು ಹಾಕಿದವು. ಗಾಡಿ ಕೊಂಡವನ ಕೈಯಲ್ಲಿ ಸತ್ತ ಬ್ಯಾಟರಿ ಮತ್ತು ಯಾರೂ ಎತ್ತದ ಫೋನ್ ನಂಬರು. ಈ ಪಾಠ ನೆನಪಿಡಿ, ಮುಂದೆ ಬೇಕಾಗುತ್ತೆ.

ಆಟ ಬದಲಿಸಿದ್ದು ಲಿಥಿಯಂ. 1991ರಲ್ಲಿ ಸೋನಿ ಕಂಪನಿ ಕ್ಯಾಮೆರಾಗಳಿಗಾಗಿ ಮಾರುಕಟ್ಟೆಗೆ ತಂದ ಬ್ಯಾಟರಿ ಅದು. ಅದರ ಹಿಂದಿನ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಸಿಕ್ಕಿತು. ಮೊಬೈಲ್ ಓಡಿಸಿದ ಬ್ಯಾಟರಿ ಸ್ಕೂಟರಿಗೆ ಬಂತು. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಏಥರ್ ಕಟ್ಟಿದರು, 2018ರಲ್ಲಿ ಬೆಂಗಳೂರಿನ ರಸ್ತೆಗೆ ಗಾಡಿ ಇಳಿಸಿದರು. ಅದಕ್ಕೂ ಮೊದಲೇ, 2017ರಲ್ಲಿ, ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮ ಕರ್ನಾಟಕ. 2020ರ ಜನವರಿಯಲ್ಲಿ ಟಿವಿಎಸ್ ಐಕ್ಯೂಬ್ ಬಂತು, ಅದೇ ತಿಂಗಳು ಚೇತಕ್ ಅನ್ನೋ ಹಳೇ ಹೆಸರು ಕರೆಂಟ್ ಗಾಡಿಯಾಗಿ ಮರುಹುಟ್ಟು ಪಡೆಯಿತು. 2021ರ ಆಗಸ್ಟ್ 15ಕ್ಕೆ ಓಲಾ. ಅದೇ ವರ್ಷ ಜೂನ್‌ನಲ್ಲಿ ಕೇಂದ್ರದ ಫೇಮ್ ಯೋಜನೆಯ ಸಬ್ಸಿಡಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 10 ಸಾವಿರದಿಂದ 15 ಸಾವಿರಕ್ಕೆ ಏರಿತ್ತು. ಜನ ಮುಗಿಬಿದ್ದರು.

ಬೆಳವಣಿಗೆ ಎಷ್ಟು ಜೋರು ಅಂದರೆ ಸರ್ವೀಸ್ ಹಿಂದೆ ಬಿತ್ತು. 2022ರ ಬೇಸಿಗೆಯಲ್ಲಿ ಬೇರೆ ಬೇರೆ ಕಂಪನಿಯ ಗಾಡಿಗಳಿಗೆ ಬೆಂಕಿ ಹತ್ತಿತು. ಸರ್ಕಾರ ಎಐಎಸ್ 156 ಅನ್ನೋ ಬ್ಯಾಟರಿ ಸುರಕ್ಷತಾ ನಿಯಮ ಬಿಗಿ ಮಾಡಿತು, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿ. 2023ರ ಜೂನ್‌ನಲ್ಲಿ ಸಬ್ಸಿಡಿ ಕಡಿತ. 2024ರ ಅಕ್ಟೋಬರಿನಲ್ಲಿ, ಅಂದರೆ ಕಲಬುರಗಿಯ ಬೆಂಕಿಗೆ ತಿಂಗಳು ತುಂಬುವ ಮೊದಲೇ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಓಲಾಗೆ ನೋಟಿಸ್ ಕೊಟ್ಟಿತು. ಒಂದು ವರ್ಷದಲ್ಲಿ ಗ್ರಾಹಕ ಸಹಾಯವಾಣಿಗೆ ಬಂದ ದೂರುಗಳು 10 ಸಾವಿರಕ್ಕೂ ಹೆಚ್ಚು. ಶೇ 99.1ರಷ್ಟು ಪರಿಹರಿಸಿದ್ದೇವೆ ಅಂತ ಕಂಪನಿ ಹೇಳಿತು. ಅದೇ ಡಿಸೆಂಬರಿನಲ್ಲಿ, ಒಂದು ಕಾಲಕ್ಕೆ ದೇಶದ ನಂಬರ್ ಒನ್ ಆಗಿದ್ದ ಹೀರೋ ಎಲೆಕ್ಟ್ರಿಕ್ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಈಗ ಚಿತ್ರ ಸ್ಪಷ್ಟವಾಯ್ತಲ್ಲ? ಚೇತಕ್ ಕಾಲದಲ್ಲಿ ಕ್ಯೂ ಶೋರೂಮಿನ ಮುಂದೆ ಇತ್ತು. ಈಗ ಶೋರೂಮಿನ ಹಿಂದುಗಡೆ, ಸರ್ವೀಸ್ ಶೆಡ್ಡಿನಲ್ಲಿದೆ. ಗಾಡಿ ಅರ್ಧ ಗಂಟೆಯಲ್ಲಿ ಸಿಗುತ್ತೆ, ಬಿಡಿಭಾಗ ವಾರಗಟ್ಟಲೆ ಸಿಗಲ್ಲ. ಬೇವಿನ ಮರದ ಕೆಳಗಿನ ಮೆಕ್ಯಾನಿಕ್ ಕೈ ಚೆಲ್ಲಿದ್ದಾನೆ. ಬ್ಯಾಟರಿ ಸೀಲ್ ಆಗಿದೆ, ಕಂಟ್ರೋಲರ್ ಸೀಲ್ ಆಗಿದೆ, ಸಾಫ್ಟ್‌ವೇರಿಗೆ ಪಾಸ್‌ವರ್ಡ್ ಇದೆ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಪೆಟ್ರೋಲ್ ಎಂಜಿನ್ನಿಗೆ ಹೋಲಿಸಿದರೆ ಎಲೆಕ್ಟ್ರಿಕ್ ಮೋಟಾರು ಬಹಳ ಸರಳ ಯಂತ್ರ, ಕೆಡೋದು ಕಡಿಮೆ. ಆದರೆ ಕೆಟ್ಟಾಗ ಅದನ್ನು ತೆರೆಯೋ ಹಕ್ಕು ಒಬ್ಬನ ಕೈಯಲ್ಲೇ ಇದೆ. ಆ ಒಬ್ಬ ಬಾಗಿಲು ತೆರೆಯದಿದ್ದರೆ ನಿಮ್ಮ ಲಕ್ಷ ರೂಪಾಯಿ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತೆ.

ಇದಕ್ಕೇ ನಾನು ಹೇಳೋದು, ಬೆಂಗಳೂರಿನವರು ಗಾಡಿ ಆರಿಸುವ ರೀತಿಯಲ್ಲಿ ಕಲಬುರಗಿಯವರು ಆರಿಸಬಾರದು. ಬೆಂಗಳೂರಿನಲ್ಲಿ ಒಂದು ಸರ್ವೀಸ್ ಸೆಂಟರ್ ಕೈಕೊಟ್ಟರೆ ಇನ್ನೊಂದು ಬಡಾವಣೆಯಲ್ಲಿ ಮತ್ತೊಂದಿದೆ. ಇಲ್ಲಿ ಒಂದೇ ಇದ್ದರೆ? ಆದ್ದರಿಂದ ಮೊದಲ ಪ್ರಶ್ನೆ ರೇಂಜ್ ಎಷ್ಟು ಅನ್ನೋದಲ್ಲ. ಶೋರೂಮಿನ ಮುಂದಿನ ಬಾಗಿಲಿಗೆ ಹೋಗೋ ಮೊದಲು ಹಿಂದುಗಡೆ ಹೋಗಿ. ಎಷ್ಟು ಗಾಡಿ ನಿಂತಿವೆ ಎಣಿಸಿ. ಸೀಟಿನ ಮೇಲೆ ಎಷ್ಟು ಧೂಳಿದೆ ನೋಡಿ. ಅಲ್ಲಿ ಕಾಯುತ್ತಾ ನಿಂತ ನಾಲ್ಕು ಜನರನ್ನು "ಎಷ್ಟ್ ದಿನ ಆತ್ರಿ ಬಿಟ್ಟು?" ಅಂತ ಕೇಳಿ. ಯಾವ ಜಾಹೀರಾತೂ ಇಷ್ಟು ನಿಜ ಹೇಳಲ್ಲ.

ಎರಡನೇದು ಬಿಸಿಲು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟೋದು ಮಾಮೂಲು. ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ಕ್ಕೆ ಬದಲಿಸುವ ಊರು ಇದು. ಲಿಥಿಯಂ ಬ್ಯಾಟರಿಗೆ ಶಾಖ ಅಂದರೆ ಆಯುಷ್ಯ ಕಡಿಮೆ ಅಂತ ಅರ್ಥ. ಬ್ಯಾಟರಿಯಲ್ಲಿ ಎರಡು ಜಾತಿ ಇದೆ, ಎನ್‌ಎಂಸಿ ಮತ್ತು ಎಲ್‌ಎಫ್‌ಪಿ. ಎಲ್‌ಎಫ್‌ಪಿ ಭಾರ ಜಾಸ್ತಿ, ಆದರೆ ಶಾಖ ತಡೆಯೋ ಗುಣವೂ ಜಾಸ್ತಿ, ಬಾಳಿಕೆಯೂ ಜಾಸ್ತಿ. ಯಾವುದು ಅಂತ ಕೇಳಿ. ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಬ್ಯಾಟರಿ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡ್ತಾರೆ, ಇದನ್ನೆಲ್ಲ ಕಾಗದದಲ್ಲಿ ಓದಿ. ಮಧ್ಯಾಹ್ನ ಬಿಸಿಲಲ್ಲಿ ಓಡಿಸಿ ಬಂದು ತಕ್ಷಣ ಚಾರ್ಜಿಗೆ ಹಾಕಬೇಡಿ. ನೆರಳಿನಲ್ಲಿ ತಣ್ಣಗಾಗಲಿ, ರಾತ್ರಿ ಹಾಕಿ.

ಮೂರನೇದು ಚಾರ್ಜಿಂಗ್. ರೋಜಾದಿಂದ ಒಬ್ಬರು ಕೇಳಿದ್ದರು: "ಸರ್, ನಮ್ಮ ಗಲ್ಲಿ ಸಣ್ಣದದರಿ, ಮನಿ ಮ್ಯಾಲಿನ ಮಾಳಿಗಿ ಮ್ಯಾಗ ಅದ. ಚಾರ್ಜ್ ಹ್ಯಾಂಗ್ ಮಾಡೂದು?" ಖಾಜಾ ಬಂದೇನವಾಜರ ದರ್ಗಾ ಸುತ್ತ ಆರು ಶತಮಾನದಿಂದ ಬೆಳೆದ ಬಡಾವಣೆ ಅದು. ರೋಜಾ ಅನ್ನೋ ಹೆಸರೇ ಆ ಗೋರಿಯಿಂದ ಬಂದದ್ದು. ಅಲ್ಲಿನ ಗಲ್ಲಿಗಳನ್ನು ಚಾರ್ಜಿಂಗ್ ಪಾಯಿಂಟಿಗಾಗಿ ಕಟ್ಟಿಲ್ಲ. ಮಾಳಿಗೆಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡೋದು, ಅದರ ಮೇಲೆ ಮಳೆ ಬೀಳೋದು, ಮಕ್ಕಳು ಓಡಾಡೋದು, ಬೇಡವೇ ಬೇಡ. ಅಂಥವರಿಗೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯಬಹುದಾದ ಗಾಡಿಯೇ ಸರಿ. ಇಲ್ಲವೇ ಕೆಳಗಿನ ಗೋಡೆಯಲ್ಲಿ ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಹಾಕಿಸಿ.

ಕೊನೆಗೆ ಲೆಕ್ಕ. ಊರೊಳಗೆ ದಿನಕ್ಕೆ 12 ಕಿ.ಮೀ. ಓಡಾಡುವವರು, ವರ್ಷಕ್ಕೆ 300 ದಿನ ಅಂತ ಹಿಡಿಯಿರಿ. 3,600 ಕಿ.ಮೀ. ಲೀಟರಿಗೆ 45 ಕೊಡುವ ಗಾಡಿ, ಪೆಟ್ರೋಲ್ 103 ರೂಪಾಯಿ ಅಂದರೆ ಸುಮಾರು 8,200 ರೂಪಾಯಿ. ಕರೆಂಟ್ ಗಾಡಿಗೆ ಕಿಲೋಮೀಟರಿಗೆ 35 ವ್ಯಾಟ್ ಅವರ್, ಯೂನಿಟ್ 7 ರೂಪಾಯಿ ಅಂತ ಹಿಡಿದರೆ 900 ರೂಪಾಯಿಯೂ ಆಗಲ್ಲ. ಉಳಿತಾಯ ವರ್ಷಕ್ಕೆ 7 ಸಾವಿರ ಚಿಲ್ಲರೆ. ಪೆಟ್ರೋಲ್ ಗಾಡಿಗಿಂತ 30 ಸಾವಿರ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರೋಕೆ ನಾಲ್ಕು ವರ್ಷ. ಆತುರ ಏನಿಲ್ಲ.

ಆದರೆ ಕಮಲಾಪುರದಿಂದ ದಿನಾ ಕಲಬುರಗಿಗೆ ಬಂದು ಹೋಗುವವರ ಲೆಕ್ಕ ಬೇರೆ. ಕೆಂಪು ಬಾಳೆಯ ಊರು, ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಹೋಗಿ ಬರಲು 70. ವರ್ಷಕ್ಕೆ 21 ಸಾವಿರ ಕಿ.ಮೀ. ಉಳಿತಾಯ 40 ಸಾವಿರ ದಾಟುತ್ತೆ, ಹೆಚ್ಚು ಕೊಟ್ಟ ದುಡ್ಡು ಒಂದೇ ವರ್ಷದಲ್ಲಿ ಕೈಗೆ. ಇವರಿಗೆ ಮಾತ್ರ ದೊಡ್ಡ ಬ್ಯಾಟರಿ ಬೇಕು. ಜಾಹೀರಾತಿನ ರೇಂಜಿನಲ್ಲಿ ಮುಕ್ಕಾಲು ಭಾಗ ನಂಬಿ, ಹೆದ್ದಾರಿ ವೇಗಕ್ಕೆ ಇನ್ನೂ ಸ್ವಲ್ಪ ಕಳೆಯಿರಿ, ಬೇಸಿಗೆಯಲ್ಲಿ ಹಳೆಯದಾಗುವ ಬ್ಯಾಟರಿಗೆ ಮತ್ತಷ್ಟು. ಇಷ್ಟೆಲ್ಲ ಕಳೆದ ಮೇಲೂ 70 ಉಳಿಯುತ್ತಾ ನೋಡಿ. ಹಾಗೇ ಗೃಹಜ್ಯೋತಿ ಇದ್ದವರು ಮೀಟರ್ ಮೇಲೆ ಕಣ್ಣಿಡಿ. ಈ ಓಟಕ್ಕೆ ತಿಂಗಳಿಗೆ 60 ಯೂನಿಟ್ ಬೇಕು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಸಬ್ಸಿಡಿ ಸಿಗುತ್ತೆ ಅಂತ ಮಾತ್ರ ಗಾಡಿ ತಗೋಬೇಡಿ. 2012ರಲ್ಲಿ ಏನಾಯ್ತು ಅಂತ ಆಗಲೇ ಹೇಳಿದ್ದೀನಿ. ಸಬ್ಸಿಡಿ ಒಂದು ಸಲ ಬರುತ್ತೆ, ಗಾಡಿ ಏಳೆಂಟು ವರ್ಷ ಮನೆಯಲ್ಲಿರುತ್ತೆ. ಅಷ್ಟು ವರ್ಷ ಆ ಕಂಪನಿ ಈ ಊರಿನಲ್ಲಿ ಇರುತ್ತಾ?

ಸರ್ಕಾರಕ್ಕೂ ನನ್ನದೊಂದು ಪ್ರಶ್ನೆ. ಗಾಡಿ ಮಾರಲು ಸಾವಿರಾರು ಕೋಟಿ ಕೊಟ್ಟಿರಿ. ಇಷ್ಟು ಗಾಡಿ ಮಾರಿದರೆ ಜಿಲ್ಲೆಗೆ ಇಷ್ಟು ಸರ್ವೀಸ್ ಕೇಂದ್ರ ಇರಲೇಬೇಕು ಅನ್ನೋ ಷರತ್ತು ಯಾಕೆ ಕಟ್ಟುನಿಟ್ಟಾಗಿ ಹಾಕಲಿಲ್ಲ? ಆ ಬೇವಿನ ಮರದ ಮೆಕ್ಯಾನಿಕ್‌ಗೆ ಐಟಿಐಯಲ್ಲಿ ಮೂರು ತಿಂಗಳು ಬ್ಯಾಟರಿ, ಕಂಟ್ರೋಲರ್ ಕಲಿಸಿ ಸರ್ಟಿಫಿಕೇಟ್ ಕೊಟ್ಟರೆ ಅವನ ಹೊಟ್ಟೆಪಾಡೂ ಉಳಿಯುತ್ತೆ, ನಮ್ಮ ಗಾಡಿಯೂ ಓಡುತ್ತೆ. ಕಂಪನಿಗಳು ಬಿಡಿಭಾಗವನ್ನೂ ಸಾಫ್ಟ್‌ವೇರಿನ ಬೀಗದ ಕೈಯನ್ನೂ ಅವನಿಗೆ ಕೊಡಲೇಬೇಕು ಅಂತ ಕಾನೂನು ಬರಲಿ. ಅಲ್ಲಿಯವರೆಗೆ, ಗಾಡಿಯ ಬಣ್ಣ ನೋಡೋ ಮುಂಚೆ ಶೋರೂಮಿನ ಹಿಂದುಗಡೆ ಒಂದು ಸುತ್ತು ಹಾಕಿ ಬನ್ನಿ.