ವರ್ಷದ ಭಯವನ್ನು ಆರಿಸಿಟ್ಟವರು

ವರ್ಷ ಮುಗಿಯುತ್ತ ಬಂದಂತೆ ಇಂಗ್ಲಿಷ್ ಹಾರರ್ ಸಾಹಿತ್ಯದ ಅಭಿಮಾನಿಗಳು ಆ ವರ್ಷದ ಓದಿನಲ್ಲಿ ತಮಗೆ ಮೆಚ್ಚುಗೆಯಾದ ಪುಸ್ತಕಗಳ ಪಟ್ಟಿ ಮಾಡುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಬಿಡುವಿನ ವೇಳೆಯ ಹವ್ಯಾಸ. ಆದರೆ ಕಳೆದ ನೂರು ವರ್ಷಗಳ ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆಯದೇ ಸಂಗತಿ ತಿಳಿಯುತ್ತದೆ. ಭಯಾನಕ ಕಥೆಗಳಲ್ಲಿ ಇಂದು ನಾವು ಶ್ರೇಷ್ಠವೆಂದು ಓದುವ ಬಹುಪಾಲು ಬರಹ ನಮ್ಮವರೆಗೆ ಬಂದಿರುವುದು ಯಾರೋ ಒಬ್ಬ ಓದುಗ ಅದನ್ನು ರಾಶಿಯಿಂದ ಹೆಕ್ಕಿ, ಹೆಸರಿಟ್ಟು, ಇನ್ನೊಬ್ಬರ ಕೈಗೆ ದಾಟಿಸಿದ್ದರಿಂದ. ಮಾರುಕಟ್ಟೆ ಈ ಪ್ರಕಾರವನ್ನು ಆಗಾಗ ಬೆಳೆಸಿದೆ, ವಿಮರ್ಶೆ ತಡವಾಗಿ ಗೌರವಿಸಿದೆ; ಉಳಿಸಿದವರು ಮಾತ್ರ ಆರಿಸಿಟ್ಟವರು.

ಇತರ ಸಾಹಿತ್ಯಕ್ಕಿಂತ ಇದಕ್ಕೆ ಇಂಥ ಕಾವಲು ಹೆಚ್ಚು ಬೇಕಾದದ್ದೇಕೆ ಎಂಬುದಕ್ಕೆ ಅದು ಅಚ್ಚಾಗುತ್ತಿದ್ದ ಬಗೆಯೇ ಉತ್ತರ. 1923ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಶುರುವಾದ 'ವಿಯರ್ಡ್ ಟೇಲ್ಸ್' ಪತ್ರಿಕೆ ಮುದ್ರಣವಾಗುತ್ತಿದ್ದುದು ಅಗ್ಗದ ಮರದ ತಿರುಳಿನ ಕಾಗದದ ಮೇಲೆ. ಆಮ್ಲ ತುಂಬಿದ ಆ ಕಾಗದ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ, ಅಂಚಿನಿಂದ ಪುಡಿಯಾಗುತ್ತಿತ್ತು. ಗ್ರಂಥಾಲಯಗಳು ಇಂಥ ಪತ್ರಿಕೆಗಳನ್ನು ಕೂಡಿಡುವ ಗೋಜಿಗೆ ಹೋಗುತ್ತಿರಲಿಲ್ಲ. ಅಂಗಡಿಯ ಕಟ್ಟೆಯಿಂದ ಒಂದು ಸಂಚಿಕೆ ಇಳಿಯಿತೆಂದರೆ ಅದರೊಳಗಿನ ಕಥೆಯ ಆಯುಷ್ಯ ಬಹುಮಟ್ಟಿಗೆ ಮುಗಿದಂತೆಯೇ. ಈ ಸ್ಥಿತಿಯಲ್ಲಿ ಲಂಡನ್ನಿನ ಕ್ರಿಸ್ಟೀನ್ ಕ್ಯಾಂಪ್‌ಬೆಲ್ ಥಾಮ್ಸನ್ 1925ರಲ್ಲಿ 'ನಾಟ್ ಅಟ್ ನೈಟ್' ಎಂಬ ಸಂಕಲನಮಾಲೆ ಆರಂಭಿಸಿದರು. ಹೆಚ್ಚಾಗಿ 'ವಿಯರ್ಡ್ ಟೇಲ್ಸ್'ನಿಂದಲೇ ಕಥೆಗಳನ್ನು ಆರಿಸಿ, ಸರಿಸುಮಾರು ವರ್ಷಕ್ಕೊಂದರಂತೆ ಗಟ್ಟಿ ರಟ್ಟಿನ ಪುಸ್ತಕ ಮಾಡಿದರು. ಎಚ್. ಪಿ. ಲವ್‌ಕ್ರಾಫ್ಟ್‌ನ ಕಥೆಯೊಂದು ಮೊಟ್ಟಮೊದಲು ಗಟ್ಟಿ ರಟ್ಟಿನೊಳಗೆ ಸೇರಿದ್ದು ಈ ಮಾಲೆಯ 1927ರ ಸಂಪುಟದಲ್ಲಿ. ಇಪ್ಪತ್ತನೆಯ ಶತಮಾನದ ಭಯಾನಕ ಸಾಹಿತ್ಯದ ಅತ್ಯಂತ ಪ್ರಭಾವಿ ಲೇಖಕ ಪುಸ್ತಕರೂಪಕ್ಕೆ ಬಂದದ್ದು ಒಬ್ಬ ಸಂಪಾದಕಿಯ ಕೈಯಿಂದ ಎಂಬುದನ್ನು ಗಮನಿಸಬೇಕು.

ಲವ್‌ಕ್ರಾಫ್ಟ್ ಸ್ವತಃ ಇದೇ ಕೆಲಸ ಮಾಡಿದವನು. ಡಬ್ಲ್ಯೂ. ಪಾಲ್ ಕುಕ್ ಎಂಬ ಹವ್ಯಾಸಿ ಪ್ರಕಾಶಕನ ಕೋರಿಕೆಯ ಮೇಲೆ ಅವನು ಅಲೌಕಿಕ ಭಯದ ಸಾಹಿತ್ಯದ ಬಗ್ಗೆ ದೀರ್ಘ ಪ್ರಬಂಧ ಬರೆದ. ಅದು 1927ರಲ್ಲಿ 'ದಿ ರೆಕ್ಲೂಸ್' ಎಂಬ, ಒಂದೇ ಸಂಚಿಕೆ ಕಂಡು ನಿಂತುಹೋದ ಪತ್ರಿಕೆಯಲ್ಲಿ ಬಂತು. ಪರಿಷ್ಕೃತ ರೂಪ 1933ರಿಂದ 'ದಿ ಫ್ಯಾಂಟಸಿ ಫ್ಯಾನ್'ನಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಆ ಪತ್ರಿಕೆ ಹೊರಡಿಸುತ್ತಿದ್ದ ಚಾರ್ಲ್ಸ್ ಹಾರ್ನಿಗ್‌ಗೆ ಆಗ 17 ವರ್ಷ. ಪತ್ರಿಕೆ ನಿಂತಾಗ ಪ್ರಬಂಧ ಇನ್ನೂ ಮುಗಿದಿರಲಿಲ್ಲ. ಆ ನಡುವೆ 1934ರಲ್ಲಿ ಎಚ್. ಸಿ. ಕೋನಿಗ್ ಎಂಬ ನ್ಯೂಯಾರ್ಕಿನ ಪುಸ್ತಕ ಸಂಗ್ರಾಹಕ ತನ್ನಲ್ಲಿದ್ದ ವಿಲಿಯಂ ಹೋಪ್ ಹಾಡ್ಜ್‌ಸನ್‌ನ ಕಾದಂಬರಿಗಳನ್ನು ಲವ್‌ಕ್ರಾಫ್ಟ್‌ಗೂ ಅವನ ಗೆಳೆಯರಿಗೂ ಓದಲು ಕಳಿಸಿದ. ಹಾಡ್ಜ್‌ಸನ್ 1918ರಲ್ಲಿ ಈಪ್ರ್ ಬಳಿಯ ಯುದ್ಧಭೂಮಿಯಲ್ಲಿ ಸತ್ತಿದ್ದ. 1908ರಲ್ಲಿ ಬಂದಿದ್ದ ಅವನ 'ದಿ ಹೌಸ್ ಆನ್ ದಿ ಬಾರ್ಡರ್‌ಲ್ಯಾಂಡ್' ಜನರ ನೆನಪಿನಿಂದ ಮರೆಯಾಗುತ್ತಿತ್ತು. ಓದಿ ಬೆರಗಾದ ಲವ್‌ಕ್ರಾಫ್ಟ್ ತನ್ನ ಪ್ರಬಂಧಕ್ಕೆ ಹಾಡ್ಜ್‌ಸನ್ ಬಗ್ಗೆ ಹೊಸ ಭಾಗ ಸೇರಿಸಿದ. 1946ರಲ್ಲಿ ಹಾಡ್ಜ್‌ಸನ್‌ನ ಕಾದಂಬರಿಗಳು ಅಮೆರಿಕದಲ್ಲಿ ಒಂದೇ ಸಂಪುಟವಾಗಿ ಮರುಮುದ್ರಣಗೊಂಡಾಗ ಮುನ್ನುಡಿ ಬರೆದವನು ಅದೇ ಕೋನಿಗ್. ಅಂಚೆಯಲ್ಲಿ ಎರವಲು ಹೋದ ಕೆಲವು ಪುಸ್ತಕಗಳಿಂದ ಒಬ್ಬ ಲೇಖಕನಿಗೆ ಮರುಹುಟ್ಟು ಸಿಕ್ಕಿತು.

ಆ ಸಂಪುಟ ತಂದ 'ಆರ್ಕಮ್ ಹೌಸ್' ಕೂಡ ಅಭಿಮಾನದಿಂದಲೇ ಹುಟ್ಟಿದ ಸಂಸ್ಥೆ. 1937ರಲ್ಲಿ ಲವ್‌ಕ್ರಾಫ್ಟ್ ತೀರಿಕೊಂಡಾಗ ಅವನ ಬಹುಪಾಲು ಕಥೆಗಳು ಹಳೆಯ ಪತ್ರಿಕೆಗಳಲ್ಲಿ ಚದುರಿಬಿದ್ದಿದ್ದವು. ಅವನ ಅಭಿಮಾನಿಗಳಾದ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ ಅವನ್ನು ಒಟ್ಟುಮಾಡಿಕೊಂಡು ಪ್ರಕಾಶಕರನ್ನು ಹುಡುಕಿದರು. ಯಾರೂ ಒಪ್ಪದಿದ್ದಾಗ 1939ರಲ್ಲಿ ತಾವೇ ಪ್ರಕಾಶನ ತೆರೆದು ಆ ಕಥೆಗಳ ಸಂಪುಟವನ್ನು 1,268 ಪ್ರತಿ ಅಚ್ಚು ಹಾಕಿಸಿದರು. ಅಷ್ಟು ಪ್ರತಿ ಖರ್ಚಾಗಲು ವರ್ಷಗಳೇ ಹಿಡಿದವು. 1945ರಲ್ಲಿ ಎಡ್ಮಂಡ್ ವಿಲ್ಸನ್‌ನಂಥ ದೊಡ್ಡ ವಿಮರ್ಶಕ 'ದಿ ನ್ಯೂಯಾರ್ಕರ್'ನಲ್ಲಿ ಆ ಕಥೆಗಳನ್ನು ತೀರಾ ಹೀಗಳೆದು ಬರೆದ. 2005ರಲ್ಲಿ ಅಮೆರಿಕದ ಶ್ರೇಷ್ಠ ಸಾಹಿತ್ಯದ ಮಾಲೆಯಾದ 'ಲೈಬ್ರರಿ ಆಫ್ ಅಮೆರಿಕ' ಲವ್‌ಕ್ರಾಫ್ಟ್‌ನ ಸಂಪುಟ ತಂದಿತು. ಹಾಗೊಂದು ಮಾಲೆ ಬೇಕೆಂದು ಕನಸು ಕಂಡವರಲ್ಲಿ ವಿಲ್ಸನ್‌ನೇ ಮುಖ್ಯನು. ವಿದ್ವತ್ತು ಮನಸ್ಸು ಬದಲಿಸಲು ಬೇಕಾದ ಅರವತ್ತು ವರ್ಷ ಆ ಕಥೆಗಳನ್ನು ಜೀವಂತವಾಗಿ ಇಟ್ಟಿದ್ದು ಸಣ್ಣ ಮುದ್ರಣಗಳು ಮತ್ತು ಸಂಕಲನಗಳು.

ಈ ಬಿಡಿ ಪ್ರಯತ್ನಗಳು ನಿಯಮಿತ ಪದ್ಧತಿಯಾದದ್ದು 1970ರ ದಶಕದಲ್ಲಿ. 1971ರಲ್ಲಿ ಬ್ರಿಟನ್ನಿನಲ್ಲಿ ರಿಚರ್ಡ್ ಡೇವಿಸ್ ವರ್ಷದ ಶ್ರೇಷ್ಠ ಭಯಾನಕ ಕಥೆಗಳ ಮಾಲೆ ಆರಂಭಿಸಿದರು. ಅಮೆರಿಕದ 'ಡಾ' ಪ್ರಕಾಶನ ಅದನ್ನು ಎತ್ತಿಕೊಂಡಿತು. ಜೆರಾಲ್ಡ್ ಪೇಜ್ ಅವರ ನಂತರ 1980ರಲ್ಲಿ ಅದು ಕಾರ್ಲ್ ಎಡ್ವರ್ಡ್ ವ್ಯಾಗ್ನರ್ ಕೈಗೆ ಬಂತು. ವ್ಯಾಗ್ನರ್ ಮನೋವೈದ್ಯಕೀಯ ಬಿಟ್ಟು ಬರವಣಿಗೆಗೆ ಇಳಿದವರು. ದೊಡ್ಡ ಪತ್ರಿಕೆಗಳ ಜೊತೆಗೆ, ಕೆಲವೇ ನೂರು ಪ್ರತಿ ಅಚ್ಚಾಗುವ ಅಭಿಮಾನಿ ಪತ್ರಿಕೆಗಳನ್ನೂ ಅವರು ಜಾಲಾಡಿ ಕಥೆ ತೆಗೆಯುತ್ತಿದ್ದರು. ಹದಿನೈದು ಸಂಪುಟ ತಂದು 1994ರಲ್ಲಿ ಅವರು ತೀರಿಕೊಂಡಾಗ ಮಾಲೆಯೂ ನಿಂತಿತು. ಅವರು 1983ರಲ್ಲಿ 'ಟ್ವೈಲೈಟ್ ಝೋನ್' ಪತ್ರಿಕೆಗೆ ಕೊಟ್ಟ ಪಟ್ಟಿಗಳ ಪರಿಣಾಮ ಇನ್ನೂ ದೊಡ್ಡದು: ತಲಾ ಹದಿಮೂರು ಕಾದಂಬರಿಗಳ ಮೂರು ಪಟ್ಟಿ. ಆರ್. ಆರ್. ರಯಾನ್ ಎಂಬ ಗುಪ್ತನಾಮದ ಲೇಖಕನ ಕಾದಂಬರಿಗಳು, ಮೈಕೆಲ್ ಅರ್ಲೆನ್‌ನ 1934ರ 'ಹೆಲ್! ಸೆಡ್ ದಿ ಡಚೆಸ್' ಅವುಗಳಲ್ಲಿದ್ದವು. ಹೆಸರೇ ಕೇಳಿರದ ಆ ಪುಸ್ತಕಗಳಿಗಾಗಿ ಸಂಗ್ರಾಹಕರು ದಶಕಗಳ ಕಾಲ ಹಳೇ ಪುಸ್ತಕದಂಗಡಿಗಳನ್ನು ಶೋಧಿಸಿದರು. ಅರ್ಲೆನ್‌ನ ಕಾದಂಬರಿಯನ್ನು 2013ರಲ್ಲಿ ವ್ಯಾಲನ್‌ಕೋರ್ಟ್ ಪ್ರಕಾಶನ ಮರುಮುದ್ರಿಸಿತು.

1990ರಲ್ಲಿ ಸ್ಟೀಫನ್ ಜೋನ್ಸ್, ರ‍್ಯಾಮ್ಸೆ ಕ್ಯಾಂಪ್‌ಬೆಲ್ ಜೊತೆಗೂಡಿ ತಂದ 'ಬೆಸ್ಟ್ ನ್ಯೂ ಹಾರರ್' ಮಾಲೆಯ ಪುಟ ತಿರುವಿದರೆ ಈ ಕೆಲಸದ ಸ್ವರೂಪ ಕಣ್ಣಿಗೆ ಕಟ್ಟುತ್ತದೆ. ಕಥೆಗಳಿಗಿಂತ ಮೊದಲು ಹಿಂದಿನ ವರ್ಷದ ದೀರ್ಘ ಸಮೀಕ್ಷೆ: ಬಂದ ಕಾದಂಬರಿಗಳು, ಸಂಕಲನಗಳು, ಸಣ್ಣ ಪತ್ರಿಕೆಗಳು, ಸಿನಿಮಾಗಳು. ಕೊನೆಯಲ್ಲಿ ಕಿಮ್ ನ್ಯೂಮನ್ ಜೊತೆಗೂಡಿ ಬರೆದ, ಆ ವರ್ಷ ತೀರಿಕೊಂಡವರ ಪಟ್ಟಿ. ಎಲೆನ್ ಡಾಟ್ಲೋ 1988ರಿಂದ ಇಪ್ಪತ್ತೊಂದು ವರ್ಷ ಇನ್ನೊಂದು ವಾರ್ಷಿಕ ಸಂಕಲನದ ಹಾರರ್ ಭಾಗ ನೋಡಿಕೊಂಡು, 2009ರಿಂದ ಸ್ವತಂತ್ರ ಮಾಲೆ ನಡೆಸುತ್ತ ಬಂದರು. ಸಂಪುಟದಲ್ಲಿ ಜಾಗ ಸಿಗದ ಒಳ್ಳೆಯ ಕಥೆಗಳ ಹೆಸರುಗಳನ್ನೂ ಅವರು ದಾಖಲಿಸುತ್ತಾರೆ. ಇಂಥ ಓದಿನಿಂದ ಬೆಳಕಿಗೆ ಬಂದವರಲ್ಲಿ ಥಾಮಸ್ ಲಿಗೋಟಿ ಪ್ರಮುಖರು. ಅವರ ಮೊದಲ ಕಥೆ 'ನಿಕ್ಟಲಾಪ್ಸ್' ಎಂಬ ಅಭಿಮಾನಿ ಪತ್ರಿಕೆಯಲ್ಲಿ ಬಂತು. 1985ರ ಮೊದಲ ಸಂಕಲನ ಅಚ್ಚಾದದ್ದು 300 ಪ್ರತಿ. ಜೋನ್ಸ್ ಮತ್ತು ಕ್ಯಾಂಪ್‌ಬೆಲ್ ತಮ್ಮ ಮೊದಲ ಸಂಪುಟದಲ್ಲೇ ಅವರಿಗೆ ಜಾಗ ಕೊಟ್ಟರು. 2015ರಲ್ಲಿ ಅವರ ಕಥೆಗಳು 'ಪೆಂಗ್ವಿನ್ ಕ್ಲಾಸಿಕ್ಸ್' ಆದವು.

ಇದನ್ನೆಲ್ಲ ಒಪ್ಪದವರು ಮಾರಾಟದ ಕಡೆ ಬೊಟ್ಟು ಮಾಡಬಹುದು. 'ರೋಸ್‌ಮೆರೀಸ್ ಬೇಬಿ' (1967), 'ದಿ ಎಕ್ಸಾರ್ಸಿಸ್ಟ್' (1971), ಸ್ಟೀಫನ್ ಕಿಂಗ್ ಅವರ 'ಕ್ಯಾರಿ' (1974) ಲಕ್ಷಾಂತರ ಓದುಗರನ್ನು ತಲುಪಿದವು. ಹಾಗಿರುವಾಗ ಬೆರಳೆಣಿಕೆಯ ಸಂಕಲನಕಾರರಿಗೆ ಇಷ್ಟು ದೊಡ್ಡ ಪಾತ್ರ ಕೊಡುವುದು ಸರಿಯೇ? ಈ ಪುಸ್ತಕಗಳು ಓದುಗವರ್ಗವನ್ನು ಹಿಗ್ಗಿಸಿದ್ದು ನಿಜ. ಆದರೆ ಅವುಗಳ ಬೆನ್ನಿಗೇ ಬಂದ ಪೇಪರ್‌ಬ್ಯಾಕ್ ಪ್ರವಾಹಕ್ಕೆ ಏನಾಯಿತು ನೋಡಿ. 1990ರ ದಶಕದ ಮಧ್ಯಕ್ಕೆ ಮಾರುಕಟ್ಟೆ ಕುಸಿಯಿತು, ಪ್ರಕಾಶಕರು ಹಾರರ್ ಮಾಲೆಗಳನ್ನು ಕೈಬಿಟ್ಟರು, ಜೊಳ್ಳಿನ ಜೊತೆಗೆ ಗಟ್ಟಿಯೂ ಕೊಚ್ಚಿಹೋಯಿತು. ಗ್ರೇಡಿ ಹೆಂಡ್ರಿಕ್ಸ್ 2017ರಲ್ಲಿ 'ಪೇಪರ್‌ಬ್ಯಾಕ್ಸ್ ಫ್ರಂ ಹೆಲ್' ಬರೆದು ಆ ಕಾಲದ ಪುಸ್ತಕಗಳನ್ನು ಮತ್ತೆ ಹೆಸರಿಸಿದ ಮೇಲೆಯೇ ಅವುಗಳಲ್ಲಿ ಕೆಲವು ಮರುಮುದ್ರಣ ಕಂಡವು. ಮಾರುಕಟ್ಟೆ ಹಿಂದೆ ಸರಿದ ಆ ವರ್ಷಗಳಲ್ಲೂ ಜೋನ್ಸ್ ಮತ್ತು ಡಾಟ್ಲೋ ಅವರ ಸಂಪುಟಗಳು ತಪ್ಪದೆ ಬಂದವು. ಹೊಸದಾಗಿ ಬರೆಯುವವರಿಗೆ ತಮ್ಮನ್ನು ಓದುವವರಿದ್ದಾರೆ ಎಂಬ ಭರವಸೆ ಅವು ಕೊಟ್ಟವು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅಭಿಮಾನಿಗಳ ರುಚಿಯನ್ನು ನಂಬುವುದಾದರೆ 'ವಿಯರ್ಡ್ ಟೇಲ್ಸ್'ನ ಓದುಗರು ಪತ್ರ ಬರೆದು ಮತ ಹಾಕುತ್ತಿದ್ದಾಗ ಅವರ ಅಚ್ಚುಮೆಚ್ಚಿನ ಲೇಖಕ ಸೀಬರಿ ಕ್ವಿನ್. ಅವನ ಪತ್ತೇದಾರಿ ಕಥೆಗಳನ್ನು ಇಂದು ಓದುವವರು ವಿರಳ. ಓದುಗರ ನಾಡಿ ಬಲ್ಲವನಾಗಿದ್ದ ಅದೇ ಪತ್ರಿಕೆಯ ಸಂಪಾದಕ ಫಾರ್ನ್ಸ್‌ವರ್ತ್ ರೈಟ್ 1931ರಲ್ಲಿ ಲವ್‌ಕ್ರಾಫ್ಟ್‌ನ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್' ಅನ್ನು ವಾಪಸು ಕಳಿಸಿದ. ಇಲ್ಲಿ ಮತಕ್ಕೂ ಆಯ್ಕೆಗೂ ಇರುವ ವ್ಯತ್ಯಾಸ ಮುಖ್ಯ. ಮತ ಹಾಕುವವನು ಆ ತಿಂಗಳು ಕೈಗೆ ಸಿಕ್ಕಿದ್ದರಲ್ಲಿ ಹಿತವೆನಿಸಿದ್ದನ್ನು ಹೇಳುತ್ತಾನೆ. ಆರಿಸುವವನು ಸಿಗದಿದ್ದದ್ದನ್ನು ಹುಡುಕಿ ಓದಬೇಕು, ಹಳೆಯದರ ಜೊತೆ ತೂಗಿ ನೋಡಬೇಕು, ತನ್ನ ಹೆಸರು ಹಾಕಿ ಜವಾಬ್ದಾರಿ ಹೊರಬೇಕು. ವರ್ಷಕ್ಕೊಂದು ಸಂಪುಟ ತಂದರಷ್ಟೇ ಸಾಲದು ಎಂಬುದಕ್ಕೂ ನಿದರ್ಶನ ಇದೆ. 1959ರಲ್ಲಿ ಶುರುವಾದ 'ಪ್ಯಾನ್' ಭಯಾನಕ ಕಥಾಮಾಲೆ ಮೂವತ್ತು ಸಂಪುಟ ನಡೆಯಿತು. ಹರ್ಬರ್ಟ್ ವ್ಯಾನ್ ಥಾಲ್‌ನ ಮೊದಮೊದಲ ಸಂಪುಟಗಳು ಇಂದಿಗೂ ಮೆಚ್ಚುಗೆ ಪಡೆದಿವೆ. ಬರುಬರುತ್ತ ರಕ್ತಪಾತದ ಕಥೆಗಳೇ ಹೆಚ್ಚಿ ಮಾಲೆ ಸೊರಗಿತು.

ಮೂರನೆಯ ಆಕ್ಷೇಪ ಪಕ್ಷಪಾತದ್ದು. ಒಬ್ಬರ ಆಯ್ಕೆ ಅವರ ಬಳಗದ, ಭಾಷೆಯ, ಲಿಂಗದ ಮಿತಿ ಮೀರುವುದು ಕಷ್ಟ. ವ್ಯಾಗ್ನರ್ ಪಟ್ಟಿಗಳಲ್ಲಿ ಲೇಖಕಿಯರು ತೀರಾ ಕಡಿಮೆ. ಇಂಗ್ಲಿಷಿನಾಚೆಯ ಬರಹ ಈ ವಾರ್ಷಿಕ ಸಂಪುಟಗಳಲ್ಲಿ ಅಪರೂಪ. ಈ ಕೊರತೆಯನ್ನು ಮುಚ್ಚಿಡಬೇಕಿಲ್ಲ. ಆದರೆ ಹೆಸರು ಹಾಕಿ ಮಾಡಿದ ಆಯ್ಕೆಯನ್ನು ಪ್ರಶ್ನಿಸಬಹುದು, ತಿದ್ದಬಹುದು. ಲಿಸಾ ಕ್ರೋಗರ್ ಮತ್ತು ಮೆಲನಿ ಆ್ಯಂಡರ್ಸನ್ 2019ರಲ್ಲಿ 'ಮಾನ್‌ಸ್ಟರ್, ಶಿ ರೋಟ್' ಬರೆದು ಈ ಪ್ರಕಾರವನ್ನು ಕಟ್ಟಿದ ಲೇಖಕಿಯರನ್ನು ಸಾಲಾಗಿ ಪರಿಚಯಿಸಿದಾಗ ಹಳೆಯ ಪಟ್ಟಿಗಳ ಅನ್ಯಾಯಕ್ಕೆ ಇನ್ನೊಂದು ಪಟ್ಟಿಯೇ ಉತ್ತರವಾಯಿತು. ಮಾರಾಟದ ಅಂಕಿಗೆ ಯಾರೂ ಹೀಗೆ ಎದುರಾಡಲಾರರು. ಅದಕ್ಕೆ ಕೊಡಲು ಕಾರಣವೇ ಇರುವುದಿಲ್ಲ.

ಆದ್ದರಿಂದ ವರ್ಷಾಂತ್ಯದಲ್ಲಿ ಪಟ್ಟಿ ಮಾಡಲು ಕೂರುವ ಓದುಗ ತಾನು ಸೇರುತ್ತಿರುವ ಪರಂಪರೆ ಯಾವುದೆಂದು ತಿಳಿದಿರಬೇಕು. ಎಲ್ಲರೂ ಓದಿದ ಹತ್ತು ಪುಸ್ತಕಗಳನ್ನೇ ಮತ್ತೆ ಜೋಡಿಸಿದರೆ ಅದು ಜಾಹೀರಾತಿಗೆ ನೆರವಾದೀತು, ಸಾಹಿತ್ಯಕ್ಕೆ ಆಗದು. ಕೋನಿಗ್, ಥಾಮ್ಸನ್, ವ್ಯಾಗ್ನರ್ ಮಾಡಿದ ಕೆಲಸದ ಬೆಲೆ ಇದ್ದದ್ದು ಬೇರೆಯವರು ನೋಡದ ಕಡೆ ನೋಡಿದ್ದರಲ್ಲಿ ಮತ್ತು ಕಂಡದ್ದನ್ನು ಹಂಚಿದ್ದರಲ್ಲಿ. ಸಣ್ಣ ಪ್ರಕಾಶನದ ಒಂದಾದರೂ ಪುಸ್ತಕ, ಮರೆತುಹೋದ ಒಬ್ಬರಾದರೂ ಲೇಖಕರು, ಏಕೆ ಮೆಚ್ಚಿದೆ ಎನ್ನುವ ಎರಡು ಮಾತು: ಇಷ್ಟಿದ್ದರೆ ಸಾಮಾನ್ಯ ಓದುಗನ ಪಟ್ಟಿಯೂ ಮುಂದಿನ ತಲೆಮಾರಿನ ಸಂಪಾದಕನಿಗೆ ದಾರಿ ತೋರಬಲ್ಲದು.