ಒದೆತ ತಡೆಯುವ ತುಂಡು ಲೋಹ

ಎನ್‌ಸಿಸಿಯಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಗಳಿಗೆ .303 ರೈಫಲ್ಲಿನ ಒದೆತವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅವರ ಭುಜವೇ ಅದನ್ನು ಬಲ್ಲದು. ತರಗತಿಯಲ್ಲಿ ನ್ಯೂಟನ್ನನ ಮೂರನೆಯ ನಿಯಮಕ್ಕೆ ನಾನು ಕೊಡುತ್ತಿದ್ದ ಉದಾಹರಣೆಯೂ ಅದೇ. ಸುಮಾರು 11.3 ಗ್ರಾಂ ತೂಕದ ಗುಂಡು ಸೆಕೆಂಡಿಗೆ 744 ಮೀಟರ್ ವೇಗದಲ್ಲಿ ಹೊರಟರೆ, ನಾಲ್ಕು ಕಿಲೋ ತೂಕದ ಬಂದೂಕು ಸೆಕೆಂಡಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಹಿಂದಕ್ಕೆ ಜಿಗಿಯಬೇಕು. ಮದ್ದಿನ ಅನಿಲದ ಪಾಲು ಬೇರೆ.

ಈ ಲೆಕ್ಕದಲ್ಲಿ ನಾವು ಬಂದೂಕನ್ನು ಒಂದೇ ವಸ್ತುವೆಂದು ಭಾವಿಸುತ್ತೇವೆ. ವಾಸ್ತವವಾಗಿ ಅದು ಉಕ್ಕು ಮತ್ತು ಮರಗಳ ದಾಂಪತ್ಯ. ಉಕ್ಕು ಹಿಂದೆ ಸರಿದಾಗ ಮರವೂ ಜೊತೆಗೇ ಸರಿಯಬೇಕು, ಇಲ್ಲವಾದರೆ ಸೀಳಬೇಕು. ಜರ್ಮನಿಯ 1898ರ ಮೌಸರ್‌ನಲ್ಲಿ ಉಕ್ಕಿನ ಅಡಿಯಲ್ಲೇ ಒಂದು ಗೂಟವಿತ್ತು. ಇದಕ್ಕೇ ರಿಕಾಯಿಲ್ ಲಗ್ ಎಂದು ಹೆಸರು. ಅದು ತಳ್ಳುವೆಡೆಯಲ್ಲಿ ಮರ ಬಿರಿಯದಂತೆ ಮುಂದೆ ಅಡ್ಡಲಾಗಿ ಉಕ್ಕಿನ ಮೊಳೆಯೊಂದನ್ನೂ ಸೇರಿಸಿದರು.

ಲೀ-ಎನ್‌ಫೀಲ್ಡಿನ ರಚನೆ ಬೇರೆ. ಅದರ ಹಿಂಬದಿಯ ಬಟ್ಟೂ ಮುಂಬದಿಯ ಮರವೂ ಪ್ರತ್ಯೇಕ. ಮುಂದಿನ ಮರವನ್ನು ಹಿಂದಕ್ಕೆ ಎಳೆದೊಯ್ಯುವ ಹೊಣೆಯೆಲ್ಲ ಉಕ್ಕಿನ ಎರಡು ಸಣ್ಣ ಭುಜಗಳು ಒರಗುವ ಎರಡು ಕೊರೆತಗಳ ಮೇಲೆ. ವಾಲ್‌ನಟ್ ಮರ ಇದನ್ನು ತಾಳುತ್ತಿತ್ತು. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆ 1912ರಲ್ಲಿ ಆರಂಭವಾಯಿತು. ಅಲ್ಲಿ ಬಳಕೆಗೆ ಬಂದ ಸ್ಥಳೀಯ ಮರಗಳು ಅಷ್ಟು ಗಟ್ಟಿಯಲ್ಲ. ಕೊರೆತದ ಮುಖ ಜಜ್ಜಿಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವರು ಆ ಮುಖಗಳಿಗೆ ತಾಮ್ರದ ತಗಡು ಕೂರಿಸಿದರು. ಎಷ್ಟು ಸರಳ ಪರಿಹಾರ! ಬಂಗಾಳದ ಇಚ್ಛಾಪುರದ ರೈಫಲ್ ಕಾರ್ಖಾನೆಯವರು ಮುಂದಿನ ಮರಕ್ಕೆ ಅಡ್ಡಲಾಗಿ ತಿರುಪುಮೊಳೆ ಹಾಕಿದರು. 1962ರ ಯುದ್ಧದ ಬಳಿಕ 7.62 ಮಿ.ಮೀ. ಗುಂಡಿಗಾಗಿ ಅವರು ಇದೇ ವಿನ್ಯಾಸದಲ್ಲಿ ರೂಪಿಸಿದ 2ಎ1 ರೈಫಲ್ಲಿನಲ್ಲೂ ಆ ಮೊಳೆ ಉಳಿಯಿತು. ಇಂದಿಗೂ ಸಂಗ್ರಾಹಕರು ಅದನ್ನು 'ಇಚ್ಛಾಪುರದ ಸ್ಕ್ರೂ' ಎಂದೇ ಕರೆಯುತ್ತಾರೆ. ಅದನ್ನು ಮೊದಲು ಯೋಚಿಸಿದವನ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ಮೌಸರ್, ಲೀ ಎಂಬವರ ಹೆಸರುಗಳನ್ನು ಬಾಯಿಪಾಠ ಮಾಡಿದ ನಮ್ಮ ಇತಿಹಾಸಕ್ಕೆ ಇದು ಶೋಭೆಯಲ್ಲವೆಂದೇ ನನ್ನ ಅಭಿಪ್ರಾಯ.

ಸಮಸ್ಯೆ ಹಳೆಯದಾಗಿ ಹೋಗಲಿಲ್ಲ. ಫಿನ್‌ಲೆಂಡಿನ ಸಾಕೊ ಸಂಸ್ಥೆ 2003ರಲ್ಲಿ ತಂದ ಟಿಕ್ಕಾ ಟಿ3 ರೈಫಲ್ಲಿನಲ್ಲಿ ಲಗ್ ಉಕ್ಕಿನ ಭಾಗವಲ್ಲ; ಮರದಲ್ಲಿ ಕೂತ ಬಿಡಿ ಅಲ್ಯೂಮಿನಿಯಂ ತುಂಡು, ಉಕ್ಕಿನ ಕೊರೆತದೊಳಗೆ ಸೇರಿಕೊಳ್ಳುತ್ತದೆ. ಬಲವಾದ ಗುಂಡು ಬಳಸುವವರು ಅದನ್ನು ತೆಗೆದು ಬೇರೆಯವರು ತಯಾರಿಸಿದ ಉಕ್ಕಿನ ತುಂಡನ್ನು ಹಾಕಿಸುವುದುಂಟು.

ಕೂರಿಸುವ ಕ್ರಮ ನಮ್ಮ ಬಡಗಿಗಳಿಗೂ ಅಪರಿಚಿತವಲ್ಲ. ಲೋಹಕ್ಕೆ ದೀಪದ ಮಸಿ ಬಳಿದು ಮರದಲ್ಲಿಟ್ಟು ಒತ್ತಿ ತೆಗೆದರೆ, ಎಲ್ಲಿ ತಾಗಿತೋ ಅಲ್ಲಿ ಕಪ್ಪು ಮೂಡುತ್ತದೆ. ಅಷ್ಟನ್ನು ಮಾತ್ರ ಉಳಿಯಿಂದ ಹೆರೆದು ಮತ್ತೆ ಮಸಿ, ಮತ್ತೆ ಒತ್ತು. ಒದೆತವನ್ನು ತಾಳುವ ಮುಖ ಪೂರ್ತಿ ಒರಗಬೇಕು. ಉಳಿದ ಬದಿಗಳಲ್ಲಿ ಕೂದಲೆಳೆಯಷ್ಟು ಜಾಗ ಬಿಡುವುದು ವಾಡಿಕೆ. ಎನ್‌ಫೀಲ್ಡಿನಲ್ಲಾದರೆ ಎಡಬಲದ ಎರಡು ಗುರುತುಗಳೂ ಸಮನಾಗಿ ಕಪ್ಪಾಗುವವರೆಗೆ ಕೆಲಸ ಮುಗಿದಂತಲ್ಲ. ಒಂದೇ ಕಡೆ ತಾಗಿದರೆ ಆ ಬದಿಯಿಂದಲೇ ಮರ ಸೀಳುತ್ತದೆ, ಗುರಿಯೂ ತಪ್ಪುತ್ತದೆ.