ಕಿಟಕಿ ಮರೆ

ಬಿಸಿಲು, ಸೆಕೆ, ಚಳಿಗಾಳಿ ತಡೆಯಲು ಕಿಟಕಿಗೆ ಹಾಕುವ ಹೊದಿಕೆ. ಬಟ್ಟೆಯ ಪರದೆ, ಮರದ ಕದ, ಬಿದಿರಿನ ತಡಿಕೆ, ಲಾವಂಚದ ತಟ್ಟಿ ಇದರ ಮುಖ್ಯ ಬಗೆಗಳು.

ತತ್ತ್ವ: ಬಿಸಿಲು ಗಾಜನ್ನು ದಾಟಿ ಬಂದು ನೆಲ, ಗೋಡೆಗಳನ್ನು ಕಾಯಿಸುತ್ತದೆ. ಅವು ಸೂಸುವ ಅವಕೆಂಪು ಕಿರಣ ಗಾಜಿನ ಮೂಲಕ ನೇರವಾಗಿ ಹೊರಹೋಗಲಾರದೆ ಶಾಖ ಒಳಗೇ ಉಳಿಯುತ್ತದೆ. ಹಾಗಾಗಿ ಒಳಗಿನ ಪರದೆಗಿಂತ ಹೊರಗೆ ಕಟ್ಟಿದ ಮರೆ ಹೆಚ್ಚು ಪರಿಣಾಮಕಾರಿ. ಚಳಿಯಲ್ಲಿ ಗೋಡೆಗೆ ಒತ್ತಿಕೊಂಡಿರುವ ದಪ್ಪ ಪರದೆ ಗಾಜಿನ ಪಕ್ಕದ ಗಾಳಿಯನ್ನು ಹಿಡಿದಿಟ್ಟು ಕೋಣೆಯನ್ನು ಬೆಚ್ಚಗಿಡುತ್ತದೆ.

ಸ್ಥಳೀಯ ಬಳಕೆ: ಚಾಮರಾಜನಗರ ಜಿಲ್ಲೆ ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನಂಥ ಬಯಲುಸೀಮೆಯ ಊರುಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಬಿಸಿಲು ಜೋರು. ಇಳಿಬಿಸಿಲು ಸಜ್ಜೆಯ ಕೆಳಗೆ ನುಸುಳುವುದರಿಂದ ಪಡುವಣ ಕಿಟಕಿಗೆ ಮರೆ ಮುಖ್ಯ. ಬಿದಿರನ್ನು ಸೀಳಿ ತಡಿಕೆ ಹೆಣೆಯುವುದು ಮೇದರ ಕುಲಕಸುಬು. ಲಾವಂಚದ ಬೇರಿನ ತಟ್ಟಿಗೆ ನೀರು ಚಿಮುಕಿಸಿದರೆ, ನೀರು ಆವಿಯಾಗುತ್ತ ಒಳಬರುವ ಗಾಳಿಯನ್ನು ತಂಪಾಗಿಸುತ್ತದೆ. ಒಣಹವೆಯಲ್ಲಿ ಇದರ ಫಲ ಹೆಚ್ಚು, ಮಳೆಗಾಲದಲ್ಲಿ ಕಡಿಮೆ.

ನಿಯಮ: ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ‘ಇಕೋ ನಿವಾಸ್ ಸಂಹಿತಾ’ (2018) ಶೀತವಲಯ ಬಿಟ್ಟು ಉಳಿದೆಡೆ ವಸತಿ ಕಟ್ಟಡದ ಗೋಡೆ, ಕಿಟಕಿಗಳ ಮೂಲಕ ಬರುವ ಶಾಖಕ್ಕೆ ಚದರ ಮೀಟರಿಗೆ 15 ವಾಟ್ ಮಿತಿ ಇಟ್ಟಿದೆ.